ಊಟಿಗೆ ಎರಡು ದಿನ

ಆಕಾಶವಾಣಿ ಕೇಳುಗರಿಗೆ ನಮಸ್ಕಾರ.

ಕಾಶಿಗೋ ದೆಹಲಿಗೋ ಹೋಗುವುದಿದ್ದರೆ ನಮ್ಮ ಮನೆಗಳಲ್ಲಿ ಎರಡು ತಿಂಗಳ ಮುಂಚಿನಿಂದಲೇ ಓಡಾಟ ಶುರುವಾಗುತ್ತದೆ. ಟಿಕೆಟ್ ಮಾಡಿಸುವುದು, ಉಳಿಯುವ ಕಡೆಗೆ ಫೋನ್ ಮಾಡುವುದು, ಹಾಲಿನವನಿಗೆ ಹೇಳುವುದು, ಪಕ್ಕದ ಮನೆಗೆ ಬೀಗದ ಕೈ ಕೊಡುವುದು. ಅದೇ ಊಟಿಯಾದರೆ? ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಯಾರೋ ಒಬ್ಬರು, 'ನಾಳೆ ಹಂಗೇ ಊಟಿಗೆ ಹೋಗ್ಬರೋಣ್ವಾ?' ಅನ್ನುತ್ತಾರೆ. ಅಷ್ಟೇ. ಬೆಳಗಾಗುವಷ್ಟರಲ್ಲಿ ಅತ್ತೆ, ಮಾವ, ನಾದಿನಿ, ಮಕ್ಕಳು, ಎರಡು ಬ್ಯಾಗು ಚಕ್ಕುಲಿ, ಎಲ್ಲ ಕಾರಿನಲ್ಲಿ.

ಮೈಸೂರಿನಿಂದ ಊಟಿಗೆ ಮಸಿನಗುಡಿ ಮೇಲೆ ಹೋದರೆ ಸುಮಾರು 125 ಕಿಲೋಮೀಟರ್, ಗೂಡಲೂರು ಮೇಲೆ ಹೋದರೆ ಸುಮಾರು 160. ದೂರ ಏನೇನೂ ಅಲ್ಲ. ಆದರೆ ಇಷ್ಟರೊಳಗೆ ಎರಡು ರಾಜ್ಯ, ಬಂಡೀಪುರ ಮತ್ತು ಮುದುಮಲೈ ಎಂಬ ಎರಡು ಹುಲಿ ಕಾಡು, ಒಂದು ಕಡಿದಾದ ಘಾಟಿ, ದಾರಿಯುದ್ದಕ್ಕೂ ಚೆಕ್‌ಪೋಸ್ಟ್‌ಗಳು. ಒಂದೊಂದಕ್ಕೂ ಒಂದೊಂದು ಹೊತ್ತು, ಒಂದೊಂದು ಕಟ್ಟಳೆ. ಹಾಗಾಗಿ ದೂರದ ಊರಿಗಿಂತ ಈ ಹತ್ತಿರದ ಊರಿಗೇ ಹೆಚ್ಚು ತಯಾರಿ ಬೇಕು ಅನ್ನುತ್ತೇನೆ ನಾನು. ಏನೇನು ನೋಡಬೇಕು ಅನ್ನುವ ಪಟ್ಟಿ ಆಮೇಲೆ. ಮೊದಲು ಕ್ಯಾಲೆಂಡರ್ ಮತ್ತು ಗಡಿಯಾರ.

ಕ್ಯಾಲೆಂಡರಿನಿಂದ ಶುರು ಮಾಡೋಣ. ಏಪ್ರಿಲ್, ಮೇ ತಿಂಗಳಲ್ಲಿ ಮಕ್ಕಳಿಗೆ ರಜ, ನಮಗೆ ಸೆಕೆ, ಅಲ್ಲಿ ಫಲಪುಷ್ಪ ಪ್ರದರ್ಶನ. ಇಡೀ ದಕ್ಷಿಣ ಭಾರತವೇ ಅಲ್ಲಿಗೆ ಹೊರಡುತ್ತದೆ. ನನ್ನನ್ನು ಕೇಳಿದರೆ, ಮೇ ತಿಂಗಳ ಶನಿವಾರ ಭಾನುವಾರ ಊಟಿಗೆ ಹೋಗುವುದಕ್ಕಿಂತ ಮನೆಯಲ್ಲೇ ಫ್ಯಾನ್ ಹಾಕಿಕೊಂಡು ಕೂರುವುದು ವಾಸಿ. ದಸರಾ ರಜೆಯೂ ಬೇಡ. ಜಂಬೂಸವಾರಿ ನೋಡಲು ಬಂದವರು ಮಾರನೆಯ ದಿನ ಗಾಡಿ ತಿರುಗಿಸುವುದು ಆ ಕಡೆಗೇ. ಸಂಕ್ರಾಂತಿ ಗದ್ದಲ ಮುಗಿದ ಮೇಲೆ, ಜನವರಿ ಕೊನೆಯಿಂದ ಮಾರ್ಚ್ ಮೊದಲ ಭಾಗದವರೆಗೆ, ವಾರದ ನಡುವಿನ ಎರಡು ದಿನ ಸಿಕ್ಕರೆ ಬಿಡಬೇಡಿ. ಚಳಿ ಇರುತ್ತದೆ, ಆಕಾಶ ತಿಳಿಯಾಗಿರುತ್ತದೆ, ರೂಮಿನ ಬಾಡಿಗೆಯೂ ಇಳಿದಿರುತ್ತದೆ.

ಹಸಿರೇ ಬೇಕು ಅನ್ನುವವರು ಜುಲೈ, ಆಗಸ್ಟ್ ನೋಡಬಹುದು. ಆಗ ಗುಂಡ್ಲುಪೇಟೆ ಸುತ್ತ ರಸ್ತೆ ಬದಿಯ ಹೊಲಗಳಲ್ಲಿ ಚೆಂಡು ಹೂ, ಸೂರ್ಯಕಾಂತಿ ಅರಳಿ ನಿಂತಿರುತ್ತವೆ. ಫೋಟೊ ತೆಗೆಸಿಕೊಳ್ಳಲು ಹೊಲಕ್ಕಿಳಿದರೆ ರೈತರು ಹತ್ತೋ ಇಪ್ಪತ್ತೋ ಕೇಳುತ್ತಾರೆ. ಕೊಟ್ಟುಬಿಡಿ. ನೀವು ತುಳಿದ ಗಿಡ ಅವರದು. ಆದರೆ ಆ ತಿಂಗಳುಗಳಲ್ಲಿ ಮೇಲೆ ಮಳೆ, ಮಂಜು. ದೊಡ್ಡಬೆಟ್ಟಕ್ಕೆ ಹೋಗಿ ಪಕ್ಕದಲ್ಲಿ ನಿಂತವರ ಮುಖವನ್ನಷ್ಟೇ ನೋಡಿಕೊಂಡು ಬರುವ ಸಂಭವವೂ ಉಂಟು.

ಇನ್ನು ಕಾಗದಪತ್ರ. ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ನೀಲಗಿರಿ ಜಿಲ್ಲೆಗೆ ಹೊರಗಿನಿಂದ ಬರುವ ವಾಹನಗಳಿಗೆ ಇ-ಪಾಸ್ ಬಂತು. 2025ರಲ್ಲಿ ಏಪ್ರಿಲ್‌ನಿಂದ ಜೂನ್‌ವರೆಗೆ ವಾರದ ದಿನಗಳಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಿ 8,000 ವಾಹನ ಎಂದು ಮಿತಿಯನ್ನೂ ಹಾಕಿದರು. ಶುಕ್ರವಾರ ರಾತ್ರಿಯ ತೀರ್ಮಾನಕ್ಕೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ತಮಿಳುನಾಡು ಸರ್ಕಾರದ ವೆಬ್‌ಸೈಟಿನಲ್ಲಿ ಗಾಡಿ ನಂಬರು, ಎಷ್ಟು ಜನ, ಯಾವತ್ತು ಬರುತ್ತೀರಿ, ಎಲ್ಲಿ ಉಳಿಯುತ್ತೀರಿ ಎಂದು ತುಂಬಿಸಿದರೆ ಪಾಸ್ ಬರುತ್ತದೆ. ಇದಕ್ಕೆ ಶುಲ್ಕವಿಲ್ಲ, ಮಾಡಿಸಿಕೊಡುತ್ತೇನೆ ಎಂದು ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇಂಥ ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಹಿಂದಿನ ದಿನ ಮತ್ತೊಮ್ಮೆ ನೋಡಿಕೊಳ್ಳಿ. ಪಾಸಿನ ಚಿತ್ರವನ್ನು ಮೊಬೈಲಿನಲ್ಲಿ ಉಳಿಸಿಕೊಳ್ಳಿ, ಕಾಡಿನಲ್ಲಿ ಸಿಗ್ನಲ್ ನಂಬುವ ಹಾಗಿಲ್ಲ.

ಬಸ್ಸಿನಲ್ಲಿ ಹೋಗುವವರಿಗೆ ಈ ರಗಳೆಯೇ ಇಲ್ಲ. ನಮ್ಮ ಸಬರ್ಬನ್ ಬಸ್ ಸ್ಟ್ಯಾಂಡಿನಿಂದ ನೇರ ಬಸ್ಸಿದೆ, ಕಿಟಕಿ ಪಕ್ಕ ಕೂತರೆ ಕಾರಿಗಿಂತ ಎತ್ತರದಿಂದ ಕಾಡು ಕಾಣುತ್ತದೆ. ಒಂದು ಮಾತು ಮಾತ್ರ ಅಕ್ಕತಂಗಿಯರಿಗೆ: ಶಕ್ತಿ ಯೋಜನೆ ಅಂತರರಾಜ್ಯ ಬಸ್ಸಿಗೆ ಅನ್ವಯಿಸುವುದಿಲ್ಲ, ಟಿಕೆಟ್ ತೆಗೆದುಕೊಳ್ಳಲೇಬೇಕು.

ಈಗ ಗಡಿಯಾರ. ಬಂಡೀಪುರದ ರಸ್ತೆಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರವಿಲ್ಲ. ರಾತ್ರಿ ಹೊತ್ತು ಗಾಡಿಗೆ ಸಿಕ್ಕಿ ಪ್ರಾಣಿಗಳು ಸಾಯುತ್ತಿದ್ದವು, ಅದಕ್ಕೆ. ಇದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಎಷ್ಟೋ ಮಂದಿ ಮೂರು ಗಂಟೆಗೆ ಎದ್ದು, ಮಕ್ಕಳನ್ನು ನಿದ್ದೆಗಣ್ಣಲ್ಲೇ ಎತ್ತಿ ಹಾಕಿಕೊಂಡು ಹೊರಡುತ್ತಾರೆ. ಐದಕ್ಕೆಲ್ಲ ಮೇಲುಕಾಮನಹಳ್ಳಿ ಗೇಟು. ಅಲ್ಲಿ ನೋಡಬೇಕು: ಮುಂದೆ ಲಾರಿಗಳ ಸಾಲು, ಚಾಲಕರು ಮಫ್ಲರ್ ಸುತ್ತಿಕೊಂಡು ಟೀ ಕುಡಿಯುತ್ತಿರುತ್ತಾರೆ, ಹಿಂದೆ ಕಾರುಗಳ ಸಾಲು. ಆರು ಗಂಟೆಗೆ ಗೇಟು ತೆಗೆದ ಕೂಡಲೇ ಅಷ್ಟೂ ಇಂಜಿನ್ನುಗಳು ಒಟ್ಟಿಗೆ ಗುಡುಗುತ್ತವೆ. ಪ್ರಾಣಿಗಳು ಕಾಣಲಿ ಎಂದು ಬೇಗ ಬಂದವರು ಲಾರಿಯ ಹೊಗೆ ಕುಡಿಯುತ್ತಾ ಕಾಡು ದಾಟುತ್ತಾರೆ.

ಅದರ ಬದಲು ಮೈಸೂರನ್ನು ಐದೂವರೆಗೆ ಬಿಡಿ. ನಂಜನಗೂಡು ದಾಟುವಾಗ ಬೆಳಕು ಹರಿಯುತ್ತದೆ. ಏಳರ ಹೊತ್ತಿಗೆ ಗುಂಡ್ಲುಪೇಟೆಯಲ್ಲಿ ತಿಂಡಿ. ಘಾಟಿಯಲ್ಲಿ ಹೊಟ್ಟೆ ತೊಳಸುವವರು ಎರಡು ಇಡ್ಲಿಗೆ ನಿಲ್ಲಿಸಿ, ಮಸಾಲೆ ದೋಸೆ ಹಿಂತಿರುಗುವಾಗ ತಿನ್ನಬಹುದು. ಅಷ್ಟು ಹೊತ್ತಿಗೆ ಲಾರಿ ಸಾಲು ಮುಂದೆ ಹೋಗಿರುತ್ತದೆ, ಕಾಡು ಸುಮ್ಮನಾಗಿರುತ್ತದೆ, ಜಿಂಕೆಗಳು ಮತ್ತೆ ರಸ್ತೆ ಪಕ್ಕಕ್ಕೆ ಬಂದಿರುತ್ತವೆ. ಮಂಡ್ಯದವರು ಇದಕ್ಕೆ ಒಂದು ಗಂಟೆ ಸೇರಿಸಿಕೊಳ್ಳಿ. ಮಳವಳ್ಳಿ ಕಡೆಯವರು ಮೈಸೂರಿಗೆ ಬರಲೇಬೇಕಿಲ್ಲ. ಕೊಳ್ಳೇಗಾಲ, ಚಾಮರಾಜನಗರದ ಮೇಲೆ ಗುಂಡ್ಲುಪೇಟೆ ಸೇರಬಹುದು.

ಕಾಡಿನಲ್ಲಿ ಗಾಡಿ ನಿಲ್ಲಿಸಬೇಡಿ, ಕೋತಿಗೆ ಬಿಸ್ಕತ್ತು ಎಸೆಯಬೇಡಿ, ದಂಡ ಹಾಕುತ್ತಾರೆ. ಬೇಸಿಗೆ ಹತ್ತಿರವಾದರೆ ಬೀಡಿ, ಸಿಗರೇಟಿನ ತುಂಡಿನ ಬಗ್ಗೆ ಹೇಳಲೇಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೆಂಕಿಗೆ ಹೋಯಿತು.

ಕೆಕ್ಕನಹಳ್ಳ ದಾಟಿದರೆ ತಮಿಳುನಾಡು. ಅಲ್ಲಿ ಪಾಸ್ ನೋಡುತ್ತಾರೆ, ಪ್ಲಾಸ್ಟಿಕ್ ಹುಡುಕುತ್ತಾರೆ. ನೀಲಗಿರಿಯಲ್ಲಿ ನೀರಿನ ಪ್ಲಾಸ್ಟಿಕ್ ಬಾಟಲಿಯೂ ಸೇರಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕಿಗೆ ನಿಷೇಧವಿದೆ. ಸ್ಟೀಲ್ ಬಾಟಲಿ ಒಯ್ಯಿರಿ. ಪುಳಿಯೋಗರೆ, ಮೊಸರನ್ನವನ್ನು ಸ್ಟೀಲ್ ಡಬ್ಬಿಗೇ ಹಾಕಿ.

ಸ್ವಲ್ಪ ಮುಂದೆ ತೆಪ್ಪಕಾಡು. ಮೋಯಾರ್ ಹೊಳೆ ಪಕ್ಕ ಬ್ರಿಟಿಷರ ಕಾಲದ ಆನೆ ಶಿಬಿರ. ನಾನು ಹೇಳಿದ ಹೊತ್ತಿಗೆ ಹೊರಟವರು ಆನೆಗಳ ತಿಂಡಿ ವೇಳೆಗೆ ಸರಿಯಾಗಿ ಇಲ್ಲಿರುತ್ತೀರಿ, ಟಿಕೆಟ್ ತೆಗೆದುಕೊಂಡು ಒಳಗೆ ಹೋಗಿ. ಬೇಯಿಸಿದ ರಾಗಿ, ಹುರುಳಿಯನ್ನು ಇಟ್ಟಿಗೆಯ ಹಾಗೆ ಒತ್ತಿ ಸಾಲಾಗಿ ಇಟ್ಟಿರುತ್ತಾರೆ. ಯಾವ ಆನೆಗೆ ಎಷ್ಟು ಎಂದು ಲೆಕ್ಕವಿದೆ. ಮಾವುತ ಅದಕ್ಕೆ ಬೆಲ್ಲ, ಉಪ್ಪು ಸೇರಿಸಿ ಎರಡೂ ಕೈಯಲ್ಲಿ ನಾದಿ ಉಂಡೆ ಕಟ್ಟುತ್ತಾನೆ. ಆನೆ ಸೊಂಡಿಲು ಮೇಲೆತ್ತಿ ಬಾಯಿ ತೆರೆದು ನಿಲ್ಲುತ್ತದೆ, ಅವನು ಮೊಣಕೈವರೆಗೂ ಕೈ ಒಳಗಿಟ್ಟು ನಾಲಿಗೆಯ ಮೇಲೆ ಇಡುತ್ತಾನೆ. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎನ್ನುವ ಮಂಡ್ಯದ ಶಾಸ್ತ್ರ ಆನೆಗಳಿಗೆ ಗೊತ್ತಿಲ್ಲ. ಅವು ಆರಾಮವಾಗಿ ಅಗಿಯುತ್ತವೆ. ಊಟಿಯ ಯಾವ ಪಾರ್ಕಿಗಿಂತಲೂ ಮಕ್ಕಳು ನೆನಪಿಟ್ಟುಕೊಳ್ಳುವುದು ಇದನ್ನೇ.

ತೆಪ್ಪಕಾಡಿನಲ್ಲಿ ದಾರಿ ಕವಲಾಗುತ್ತದೆ. ಮಸಿನಗುಡಿ ಕಡೆಯದು ಹತ್ತಿರದ ದಾರಿ, ಆದರೆ ಮುಂದೆ ಕಲ್ಲಟ್ಟಿ ಘಾಟಿಯ 36 ತಿರುವುಗಳಿವೆ. ತಿರುವು ತಿರುವಿಗೂ ನಂಬರಿನ ಫಲಕ ಇದೆ, ಮಕ್ಕಳು ಎಣಿಸುತ್ತಾ ಕೂರುತ್ತಾರೆ. ಹತ್ತುವಾಗ ಒಂದು ಎರಡನೇ ಗೇರಿನಲ್ಲೇ ಹೋಗಬೇಕು, ಎಸಿ ಆರಿಸಿದರೆ ಇಂಜಿನ್ನಿಗೆ ಹಗುರ. ಡ್ರೈವಿಂಗ್ ಹೊಸದಾಗಿ ಕಲಿತವರು ಗೂಡಲೂರು ದಾರಿಯನ್ನೇ ಹಿಡಿಯಿರಿ. 35 ಕಿಲೋಮೀಟರ್ ಹೆಚ್ಚಾದರೂ ಎದೆ ಢವಗುಟ್ಟುವುದಿಲ್ಲ. ಇಳಿಯುವಾಗ ಮಾತ್ರ ಯಾರೂ ಕಲ್ಲಟ್ಟಿಯ ಯೋಚನೆ ಮಾಡಬೇಡಿ. ಬ್ರೇಕ್ ಬಿಸಿಯಾಗಿ ಅಪಘಾತಗಳಾಗಿ, ಹೊರಗಿನ ಗಾಡಿಗಳನ್ನು ಆ ದಾರಿಯಲ್ಲಿ ಕೆಳಗಿಳಿಯಲು ಬಿಡುವುದನ್ನೇ ನಿಲ್ಲಿಸಿದ್ದಾರೆ.

ಹನ್ನೊಂದರ ಹೊತ್ತಿಗೆ ಊಟಿ ತಲುಪಿದಿರಿ ಅನ್ನಿ. ಈಗ ಪಟ್ಟಿ ತೆಗೆಯಿರಿ, ಅರ್ಧ ಹೊಡೆದುಹಾಕಿ. ಸರೋವರದ ದೋಣಿ ವಿಹಾರವನ್ನು ನಾನಾದರೆ ಮೊದಲು ಹೊಡೆಯುತ್ತೇನೆ. ಕೊಯಮತ್ತೂರಿನ ಕಲೆಕ್ಟರ್ ಆಗಿದ್ದ ಜಾನ್ ಸಲಿವನ್ 1820ರ ದಶಕದಲ್ಲಿ ಮಾಡಿಸಿದ ಕೆರೆ ಅದು, ಚೆನ್ನಾಗಿಯೇ ಇದೆ. ಆದರೆ ದೋಣಿಯಲ್ಲಿ ಕೂರುವ ಹೊತ್ತಿಗಿಂತ ಸಾಲಿನಲ್ಲಿ ನಿಲ್ಲುವ ಹೊತ್ತು ಜಾಸ್ತಿ. ಆ ಮಧ್ಯಾಹ್ನವನ್ನು ಸಸ್ಯೋದ್ಯಾನಕ್ಕೆ ಕೊಡಿ. 1848ರಲ್ಲಿ ಮ್ಯಾಕೈವರ್ ಎಂಬಾತ ಕಟ್ಟಲು ಶುರು ಮಾಡಿದ 55 ಎಕರೆ ತೋಟ. ಎಲ್ಲರೂ ಕೆಳಗಿನ ಹುಲ್ಲುಹಾಸಿನಲ್ಲಿ ಉರುಳಾಡಿ ವಾಪಸಾಗುತ್ತಾರೆ. ಎರಡು ಕೋಟಿ ವರ್ಷದ್ದೆಂದು ಹೇಳುವ, ಕಲ್ಲಾಗಿ ಹೋದ ಮರದ ಕಾಂಡವೊಂದು ಅಲ್ಲೇ ಇದೆ, ಹುಡುಕಿ ನೋಡಿ. ಕಾಲು ಗಟ್ಟಿಯಿದ್ದವರು ಮೇಲಕ್ಕೆ ಹತ್ತಿದರೆ ತೋಡ ಬುಡಕಟ್ಟಿನವರ ಹಟ್ಟಿ ಸಿಗುತ್ತದೆ. ಫರ್ನ್‌ಹಿಲ್ ಕಡೆ ನಮ್ಮ ಮಹಾರಾಜರ ಬೇಸಿಗೆ ಅರಮನೆ ಇತ್ತಲ್ಲ, ಆಮೇಲೆ ಅದು ಹೋಟೆಲಾಯಿತು. ಅದೇ ಕಡೆ ನಮ್ಮ ತೋಟಗಾರಿಕೆ ಇಲಾಖೆಯವರು ಬೆಳೆಸಿದ ಕರ್ನಾಟಕ ಸಿರಿ ಉದ್ಯಾನವಿದೆ. ಮೈಸೂರಿನವರೇ ಎಷ್ಟೋ ಜನ ನೋಡಿಲ್ಲ.

ರೂಮಿನ ಬಗ್ಗೆ ಎರಡೇ ಮಾತು. ಬುಕ್ ಮಾಡುವ ಮುಂಚೆ ಬಿಸಿನೀರು ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಕಾರು ನಿಲ್ಲಿಸಲು ಜಾಗ ಇದೆಯೇ ಎಂದು ಕೇಳಿ. ವಯಸ್ಸಾದವರಿದ್ದರೆ ನೆಲ ಅಂತಸ್ತಿನಲ್ಲೇ ಕೊಡಿ ಎನ್ನಿ. ಗುಡ್ಡದ ಊರು, ಎಲ್ಲಕ್ಕೂ ಮೆಟ್ಟಿಲು. ಮೈಸೂರು ಸುಮಾರು 770 ಮೀಟರ್ ಎತ್ತರದಲ್ಲಿದೆ, ಊಟಿ ಸುಮಾರು 2,240. ಸಾವಿರ ಮೀಟರಿಗೆ ಆರು ಡಿಗ್ರಿಯಷ್ಟು ಚಳಿ ಏರುತ್ತದೆ ಅಂದುಕೊಳ್ಳಿ, ಅಂದರೆ ಇಲ್ಲಿಗಿಂತ ಎಂಟೊಂಬತ್ತು ಡಿಗ್ರಿ ಕಡಿಮೆ. ಜನವರಿಯಲ್ಲಿ ಬೆಳಗಿನ ಜಾವ ಹುಲ್ಲಿನ ಮೇಲೆ ಇಬ್ಬನಿ ಹೆಪ್ಪುಗಟ್ಟಿರುತ್ತದೆ. ನೀರು ಕೂಡ ಅಲ್ಲಿ 93 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಕಾಫಿ ನಮ್ಮನೆಯಷ್ಟು ಬಿಸಿಯಿಲ್ಲ ಎಂದು ಹೋಟೆಲಿನವರ ಮೇಲೆ ರೇಗಬೇಡಿ.

ಎರಡನೇ ದಿನ ಒಂದು ಕಠಿಣ ಆಯ್ಕೆ ಇದೆ: ಕೂನೂರಿನ ರೈಲೋ, ಪೈಕಾರದ ಕೆರೆ, ಜಲಪಾತವೋ? ಎರಡೂ ಬೇಕೆಂದರೆ ಎರಡೂ ಕೆಡುತ್ತವೆ. ಒಂದು ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ.

ನೀಲಗಿರಿ ರೈಲು ಮೆಟ್ಟುಪಾಳ್ಯದಿಂದ ಕೂನೂರಿಗೆ 1899ರಲ್ಲಿ ಬಂತು, ಊಟಿಗೆ 1908ರಲ್ಲಿ. ಒಟ್ಟು 46 ಕಿಲೋಮೀಟರ್, 16 ಸುರಂಗ. 2005ರಲ್ಲಿ ಯುನೆಸ್ಕೊ ಪರಂಪರೆ ಪಟ್ಟಿಗೆ ಸೇರಿತು. ಹಳಿಗಳ ನಡುವೆ ಹಲ್ಲುಪಟ್ಟಿ ಹಾಕಿ, ಇಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುತ್ತದೆ ಎಂದು ಕೇಳಿರುತ್ತೀರಿ. ಆ ಹಲ್ಲುಪಟ್ಟಿ ಇರುವುದು ಕೂನೂರಿನಿಂದ ಕೆಳಗೆ, ಕಲ್ಲಾರ್‌ವರೆಗೆ ಮಾತ್ರ. ಊಟಿಯಿಂದ ಕೂನೂರಿನ ಹತ್ತೊಂಬತ್ತು ಕಿಲೋಮೀಟರಿನಲ್ಲಿ ಅದಿಲ್ಲ. ಆದರೂ ಒಂದು ಗಂಟೆ ಚಿಲ್ಲರೆಯ ಆ ಪಯಣದಲ್ಲಿ ಕೇತಿ ಕಣಿವೆಯ ಕ್ಯಾರೆಟ್ಟು, ಎಲೆಕೋಸಿನ ಮೆಟ್ಟಿಲು ಹೊಲಗಳನ್ನು ನೋಡುವುದಕ್ಕೇ ಟಿಕೆಟ್ಟಿನ ದುಡ್ಡು ವಸೂಲು. 60 ದಿನ ಮುಂಚೆ ಬುಕಿಂಗ್ ತೆರೆಯುತ್ತದೆ, ರಜೆ ದಿನಗಳದ್ದು ಬೇಗ ಖಾಲಿ. ಹೋಗುವಾಗ ರೈಲು ಹತ್ತಿ, ಕೂನೂರಿನಲ್ಲಿ ಸಿಮ್ಸ್ ಪಾರ್ಕ್ ನೋಡಿ, ಬಸ್ಸಿನಲ್ಲಿ ವಾಪಸು ಬನ್ನಿ.

ರೈಲು ಸಿಗಲಿಲ್ಲವೋ, ಬೇಸರ ಬೇಡ. ಬೆಳಿಗ್ಗೆಯೇ 2,637 ಮೀಟರಿನ ದೊಡ್ಡಬೆಟ್ಟಕ್ಕೆ ಹೋಗಿ. ಮಧ್ಯಾಹ್ನವಾದರೆ ಮೋಡ ಮುಚ್ಚುವುದು ಹೆಚ್ಚು. ಪೈಕಾರಕ್ಕೆ ಬೇರೆ ಟ್ಯಾಕ್ಸಿ ಮಾಡಬೇಡಿ. ಅದು ನೀವು ಹೇಗೂ ಗೂಡಲೂರಿಗೆ ಇಳಿಯಬೇಕಾದ ದಾರಿಯಲ್ಲೇ ಇದೆ, ಊಟಿಯಿಂದ ಸುಮಾರು 20 ಕಿಲೋಮೀಟರ್.

ಹಾಗಾಗಿ ಎರಡನೇ ದಿನ ರೂಮು ಬಿಡುವಾಗಲೇ ಸಾಮಾನು ಕಾರಿಗೆ ಹಾಕಿಬಿಡಿ. ವರ್ಕಿ ಬಿಸ್ಕತ್ತು, ಚಾಕೊಲೇಟು, ನೀಲಗಿರಿ ಎಣ್ಣೆ ಏನು ಕೊಳ್ಳುವುದಿದ್ದರೂ ಹಿಂದಿನ ಸಂಜೆಯೇ ಮುಗಿಸಿ. ಪೈಕಾರದಲ್ಲಿ ನಿಲ್ಲುವವರು ಮಧ್ಯಾಹ್ನ ಒಂದಕ್ಕೇ ಊಟಿ ಬಿಡಬೇಕು, ನಿಲ್ಲದವರು ಮೂರಕ್ಕೆ. ನಡುವಟ್ಟದ ಇಳಿಜಾರಿನಲ್ಲಿ ಮಂಜು ಸಿಕ್ಕರೆ ಗಾಡಿ ತೆವಳುತ್ತದೆ. ಗೂಡಲೂರು ಪೇಟೆಯಲ್ಲಿ ಗಾಡಿಗಳ ದಟ್ಟಣೆ. ಅದಾದ ಮೇಲೆ ಎರಡು ಕಾಡು, ಮುಸ್ಸಂಜೆ, ರಸ್ತೆ ದಾಟುವ ಆನೆ. ಆನೆ ನಿಂತರೆ ಹಾರ್ನ್ ಮಾಡದೆ ನೀವೂ ನಿಲ್ಲಬೇಕು, ಅದು ಎಷ್ಟು ಹೊತ್ತು ನಿಂತರೂ. ಇಷ್ಟನ್ನೂ ಲೆಕ್ಕಕ್ಕೆ ಹಿಡಿದು ಏಳರೊಳಗೆ ಬಂಡೀಪುರ ದಾಟುವಂತೆ ನೋಡಿಕೊಳ್ಳಿ. ಎಂಟೂವರೆಗೂ ನೀವು ಗೂಡಲೂರಿನಲ್ಲೇ ಸಿಕ್ಕಿಕೊಂಡಿದ್ದರೆ ಗೇಟಿಗೆ ಓಡಿಸಬೇಡಿ. ಅಲ್ಲೇ ರೂಮು ಹಿಡಿದು ಮಲಗಿ, ಆಫೀಸಿಗೆ ಒಂದು ದಿನ ರಜೆ ಹೇಳಿ. ನಮಸ್ಕಾರ.