ಸ್ವಿಚ್ ಬೋರ್ಡ್ ಚರ್ ಅಂತಿದೆಯಾ? ಎಂಸಿಬಿ ಬೀಳಲಿ ಅಂತ ಕಾಯಬೇಡಿ

(ಮೇಜಿನ ಮೇಲೆ ಹಳೆಯ ಪವರ್ ಸಾಕೆಟ್. ಕ್ಯಾಮೆರಾ ಹತ್ತಿರಕ್ಕೆ.)

ನಮಸ್ಕಾರ. ಇದು ನಮ್ಮ ಮನೆ ಬಚ್ಚಲ ಹೊರಗಿದ್ದ ಗೀಸರ್ ಸಾಕೆಟ್. ಮುಂದಿನಿಂದ ನೋಡಿದರೆ ಒಂದು ತೂತಿನ ಸುತ್ತ ಸ್ವಲ್ಪ ಕಂದು ಬಣ್ಣ, ಅಷ್ಟೇ. ಈಗ ತಿರುಗಿಸುತ್ತೇನೆ. ನೋಡಿದಿರಾ? ಪ್ಲಾಸ್ಟಿಕ್ ಸೀದುಹೋದ ದೋಸೆ ಥರ ಕಪ್ಪಾಗಿ ಉಬ್ಬಿದೆ. ಸ್ಕ್ರೂ ಕೆಳಗಿನ ತಾಮ್ರದ ಎಳೆ ಮುಟ್ಟಿದರೆ ಮುರಿಯುತ್ತದೆ.

ಇದು ಎರಡು ವಾರದಿಂದ ಕೂಗಿ ಹೇಳುತ್ತಿತ್ತು. ಗೀಸರ್ ಹಾಕಿ ಐದು ನಿಮಿಷಕ್ಕೆ ಒಳಗಿಂದ ಚರ್... ಚರ್... ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ. ಹಲ್ಲಿ ಹೊಕ್ಕಿರಬೇಕು ಅಂತ ನಾನು ಸುಮ್ನಿದ್ದೆ. ಆಮೇಲೆ ಒಂದು ದಿನ ಮೀನು ಹುರಿದಂಥ ವಾಸನೆ. ನಮ್ಮದು ಸಸ್ಯಾಹಾರಿ ಮನೆ! ಪ್ಲಾಸ್ಟಿಕ್ ಬಿಸಿಯಾದಾಗ ಹಾಗೆ ನಾರುತ್ತದೆ ಅಂತ ಗೊತ್ತಾದದ್ದು ಆಗಲೇ.

ಇಷ್ಟಾದರೂ ಎಂಸಿಬಿ, ಅಂದರೆ ಮೇನ್ ಬಾಕ್ಸ್‌ನಲ್ಲಿ ತಾನಾಗೇ ಬಿದ್ದು ಕರೆಂಟ್ ನಿಲ್ಲಿಸುವ ಸ್ವಿಚ್, ಬಿದ್ದಿರಲಿಲ್ಲ. ಯಾಕೆ?

(ಬಿಳಿ ಹಲಗೆಯ ಮೇಲೆ ಚಿತ್ರ.)

ಎಂಸಿಬಿ ನೋಡುವುದು ಕರೆಂಟ್ ಜಾಸ್ತಿ ಹರಿಯಿತಾ ಅಂತ ಮಾತ್ರ. ಲೂಸ್ ಕನೆಕ್ಷನ್‌ನಲ್ಲಿ ಕರೆಂಟ್ ಜಾಸ್ತಿ ಆಗುವುದೇ ಇಲ್ಲ. 2000 ವ್ಯಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 9 ಆಂಪ್ಸ್ ಎಳೆಯುತ್ತದೆ. ಸ್ಕ್ರೂ ಸಡಿಲವಾಗಿ ಅಲ್ಲಿ ಅರ್ಧ ಓಮ್ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಅಡ್ಡಿ, ಬಂದರೂ ಆ ಒಂದೇ ಚುಕ್ಕೆಯಲ್ಲಿ ಸುಮಾರು 40 ವ್ಯಾಟ್ ಶಾಖ. ರಿಪೇರಿ ಅಂಗಡಿಯ ಸೋಲ್ಡರಿಂಗ್ ಐರನ್ 25 ವ್ಯಾಟ್‌ನದು, ಅದೇ ಬೆಸುಗೆ ಕರಗಿಸುತ್ತದೆ. ಅಂಥದ್ದೊಂದನ್ನು ಗೋಡೆಯೊಳಗೆ ಇಟ್ಟು ಸ್ನಾನಕ್ಕೆ ಹೋದ ಹಾಗಾಯಿತು ಅಲ್ವಾ? ಶಾಕ್‌ನಿಂದ ಕಾಪಾಡುವ ಆರ್‌ಸಿಸಿಬಿ ಸ್ವಿಚ್ ಇದ್ದರೂ ಇದು ಅದರ ಕಣ್ಣಿಗೆ ಬೀಳುವುದಿಲ್ಲ. ಅದು ಹಿಡಿಯುವುದು ಲೀಕೇಜ್ ಮಾತ್ರ, ಅಂದರೆ ಕರೆಂಟ್ ದಾರಿ ತಪ್ಪಿ ನೆಲಕ್ಕೋ ಮೈಗೋ ಹರಿಯುವುದು.

ಸ್ಕ್ರೂ ತಾನಾಗೇ ಸಡಿಲವಾಗುತ್ತದಾ? ಆಗುತ್ತದೆ. ದಿನಾ ಬಿಸಿಯಾಗಿ ಹಿಗ್ಗುತ್ತದೆ, ತಣ್ಣಗಾಗಿ ಕುಗ್ಗುತ್ತದೆ. ಒಂದೇ ಸ್ಕ್ರೂ ಕೆಳಗೆ ಮೂರು ವೈರ್ ತುರುಕಿದ್ದರೆ ಇನ್ನೂ ಬೇಗ. ಗೀಸರನ್ನು 6 ಆಂಪ್ಸ್ ಸಾಕೆಟ್‌ಗೆ ಹಾಕಿದ್ದರಂತೂ ಕೇಳುವುದೇ ಬೇಡ. ಅದಕ್ಕೆ 16 ಆಂಪ್ಸ್ ಸಾಕೆಟ್ಟೇ ಬೇಕು.

ಹಾಗಂತ ಎಲ್ಲ ಸದ್ದಿಗೂ ಹೆದರಬೇಕಿಲ್ಲ.

(ಫ್ಯಾನ್ ರೆಗ್ಯುಲೇಟರ್ ತಿರುಗಿಸುವ ಕೈ. ಹಿನ್ನೆಲೆಯಲ್ಲಿ ಗುಂಯ್ ಸದ್ದು.)

ಒಂದೇ ಸಮನೆ ಗುಂಯ್ ಅಂತಿದ್ದರೆ ಮೊದಲು ರೆಗ್ಯುಲೇಟರನ್ನು ಫುಲ್‌ಗೆ ತಿರುಗಿಸಿ. ಸದ್ದು ನಿಂತಿತಾ? ಹಾಗಾದರೆ ಕಾರಣ ಅದೇ. ಸುತ್ತಿಸಿ ವೇಗ ಕಡಿಮೆ ಮಾಡುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಕರೆಂಟಿನ ಅಲೆಯನ್ನು ತುಂಡು ತುಂಡು ಮಾಡಿ ಕೊಡುತ್ತದೆ. ಆಗ ಒಳಗಿನ ಸಣ್ಣ ಕಾಯಿಲ್ ನಡುಗುತ್ತದೆ, ಫ್ಯಾನೂ ಗುನುಗುತ್ತದೆ. ಕಿರಿಕಿರಿ ಅನಿಸಿದರೆ ಕೆಪಾಸಿಟರ್ ಇರುವ ಸ್ಟೆಪ್ ರೆಗ್ಯುಲೇಟರ್ ಹಾಕಿಸಿ. ಸ್ವಿಚ್ ಒತ್ತಿದಾಗ ಒಂದು ಸಲ ಟಿಕ್ ಅಂದು ಸಣ್ಣ ಕಿಡಿ ಕಂಡರೆ, ಅದೂ ಮಾಮೂಲಿ.

ಚರ್ ಅನ್ನುವುದು, ಪಟಪಟ ಅನ್ನುವುದು, ಲೈಟ್ ಮಿಣುಕುವುದು, ಬೋರ್ಡ್ ಬೆಚ್ಚಗಾಗುವುದು: ಇವು ಬೇರೆ. ಇವು ಕಂಡರೆ ಬೋರ್ಡಿಗೆ ಕೈ ಹಾಕಬೇಡಿ, ಮೇನ್ ಬಾಕ್ಸ್‌ಗೆ ಹೋಗಿ ಆ ಲೈನಿನ ಎಂಸಿಬಿ ಆಫ್ ಮಾಡಿ. ಯಾವುದು ಅಂತ ಗೊತ್ತಾಗದಿದ್ದರೆ ಮೇನ್ ಸ್ವಿಚ್ಚನ್ನೇ ಕೆಳಗಿಳಿಸಿ. ಗೀಸರ್ ಇಲ್ಲದೆ ಒಂದು ದಿನ ತಣ್ಣೀರು ಸ್ನಾನ ಮಾಡಿದರೆ ಏನೂ ಆಗುವುದಿಲ್ಲ.

ಇಲ್ಲಿ ಒಂದು ಮಾತು, ಗಮನವಿಟ್ಟು ಕೇಳಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಯುಪಿಎಸ್ ಇದೆ. ಮೇನ್ ಆಫ್ ಮಾಡಿದ ಕೂಡಲೇ ಅದು ಆನ್ ಆಗಿ ಅದೇ ಬೋರ್ಡಿನ ಲೈಟು, ಫ್ಯಾನಿಗೆ ಕರೆಂಟ್ ಕೊಡುತ್ತದೆ! ಮೇನ್ ತೆಗೆದಿದ್ದೇನೆ ಅಂತ ಬಿಚ್ಚಿದವರಿಗೆ ಶಾಕ್ ಹೊಡೆಯುವುದು ಹೀಗೆಯೇ. ಯುಪಿಎಸ್ ಕೂಡ ಆಫ್ ಆಗಬೇಕು. ನಿಮ್ಮ ಎಲೆಕ್ಟ್ರಿಷಿಯನ್‌ಗೂ ಇದನ್ನು ಮೊದಲೇ ಹೇಳಿ.

(ಮತ್ತೆ ಸುಟ್ಟ ಸಾಕೆಟ್. ಪಕ್ಕದಲ್ಲಿ ಕತ್ತರಿಸಿದ ವೈರ್ ತುಂಡು.)

ಆತ ಬಂದು ಸ್ಕ್ರೂ ಬಿಗಿ ಮಾಡಿ ಹೊರಟರೆ ತಡೆಯಿರಿ. ಕಪ್ಪಾದ ತಾಮ್ರ ಎಷ್ಟು ಬಿಗಿ ಮಾಡಿದರೂ ಸರಿಯಾಗಿ ಕೂರುವುದಿಲ್ಲ. ಹೊಳೆಯುವ ತಾಮ್ರ ಕಾಣುವವರೆಗೆ ವೈರ್ ಕತ್ತರಿಸಬೇಕು, ಸಾಕೆಟ್ ಹೊಸದಾಗಬೇಕು. ಪ್ಲಗ್‌ನ ಪಿನ್ನೂ ನೋಡಿ, ನಮ್ಮದರಲ್ಲಿ ಒಂದು ಪಿನ್ ಕಪ್ಪಾಗಿತ್ತು. ಅದನ್ನೇ ಹೊಸ ಸಾಕೆಟ್‌ಗೆ ಚುಚ್ಚಿದ್ದರೆ ಮತ್ತೆ ಅದೇ ಕಥೆ.

ಸದ್ದು ಮೀಟರ್ ಬೋರ್ಡಿನಿಂದ ಬರುತ್ತಿದ್ದರೆ? ಅದರ ಸೀಲ್ ಮುಟ್ಟಬೇಡಿ. ನಿಮ್ಮ ಕರೆಂಟ್ ಕಂಪನಿ ಬೆಸ್ಕಾಂ ಆಗಲಿ ಬೇರೆ ಎಸ್ಕಾಂ ಆಗಲಿ, 1912ಕ್ಕೆ ಫೋನ್ ಮಾಡಿ. ಸುಮ್ನೆ ಕರೆಂಟ್ ಪ್ರಾಬ್ಲಂ ಅನ್ನಬೇಡಿ. ಮೀಟರ್ ಹತ್ತಿರ ಚರ್ ಅಂತಿದೆ, ಸುಟ್ಟ ವಾಸನೆ ಬರುತ್ತಿದೆ ಅಂತ ಬಿಡಿಸಿ ಹೇಳಿ, ಕಂಪ್ಲೇಂಟ್ ನಂಬರ್ ಬರೆದುಕೊಳ್ಳಿ.