ಒಳಗೆ ಬಿಡುವುದು, ಒಳಗೊಳ್ಳುವುದು

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ತರಗತಿಯ ವಿಷಯ ಹೇಳುತ್ತೇನೆ. ಅಲ್ಲಿ ಪಾಠ ಮಾಡುತ್ತಿದ್ದವನು ನಾನೇ. ಒಂದು ವರ್ಷ ನನ್ನ ತರಗತಿಗೆ ಒಬ್ಬ ಹುಡುಗ ಸೇರಿದ. ಅವನಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಕಿವಿಗೆ ಮೆಷಿನ್ ಹಾಕಿಕೊಂಡು ಬರುತ್ತಿದ್ದ. ನಾನು ಅವನನ್ನು ಮೊದಲ ಬೆಂಚಿನಲ್ಲಿ ಕೂರಿಸಿದೆ. ನನ್ನ ಕೆಲಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ. ಆಮೇಲೆ ಎಂದಿನ ಹಾಗೆ ಬೋರ್ಡಿನ ಕಡೆ ತಿರುಗಿ, ಬರೆಯುತ್ತಾ ಪಾಠ ಮಾಡಿದೆ.

ಅವನು ತುಟಿ ನೋಡಿ ಮಾತು ಹಿಡಿಯುವ ಹುಡುಗ. ಅವನಿಗೆ ಹೆಚ್ಚು ಹೊತ್ತು ಕಂಡಿದ್ದು ನನ್ನ ಬೆನ್ನು. ಹಿಂದಿನ ಬೆಂಚಿನ ಮಕ್ಕಳು ಉತ್ತರ ಹೇಳಿದರೆ, ಅವನು ತಿರುಗಿ ನೋಡುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು. ಕೊನೆಗೆ ಅವನೇ ಬಂದು ಹೇಳಿದ: "ಸರ್, ಪಕ್ಕದ ಸಾಲಲ್ಲಿ ಸ್ವಲ್ಪ ಓರೆಯಾಗಿ ಕೂತರೆ ನಿಮ್ಮ ಮುಖಾನೂ ಕಾಣುತ್ತೆ, ಎಲ್ಲರ ಮುಖಾನೂ ಕಾಣುತ್ತೆ." ಅಷ್ಟೊತ್ತಿಗೆ ಅರ್ಧ ವರ್ಷ ಕಳೆದಿತ್ತು. ಮೊದಲ ದಿನವೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದ. ನಾನು ಕೇಳಿರಲಿಲ್ಲ.

ಆ ಅರ್ಧ ವರ್ಷ ಅವನು ತರಗತಿಯ ಒಳಗೇ ಇದ್ದ. ಹಾಜರಿ ಪುಸ್ತಕದಲ್ಲಿ ಹೆಸರಿತ್ತು. ಆದರೆ ತರಗತಿ ಅವನನ್ನು ಒಳಗೊಂಡಿರಲಿಲ್ಲ. ಒಳಗೆ ಬಿಡುವುದು ಬೇರೆ, ಒಳಗೊಳ್ಳುವುದು ಬೇರೆ. ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಈ ವ್ಯತ್ಯಾಸದ ಬಗ್ಗೆ.

1994ರಲ್ಲಿ ಸ್ಪೇನಿನ ಸಲಮಾಂಕಾದಲ್ಲಿ 92 ದೇಶಗಳ ಸರ್ಕಾರಗಳ ಪ್ರತಿನಿಧಿಗಳು ಸೇರಿ, ಎಲ್ಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯುವಂತಾಗಬೇಕು, ಅದಕ್ಕೆ ಶಾಲೆ ಬದಲಾಗಬೇಕು ಅಂದರು. 2006ರಲ್ಲಿ ವಿಶ್ವಸಂಸ್ಥೆ ಅಂಗವೈಕಲ್ಯ ಇರುವವರ ಹಕ್ಕುಗಳ ಒಡಂಬಡಿಕೆಯನ್ನು ಒಪ್ಪಿಕೊಂಡಿತು. ಅದನ್ನು ನೋಡಿಕೊಳ್ಳುವ ಸಮಿತಿ 2016ರಲ್ಲಿ ನಾಲ್ಕು ಸ್ಥಿತಿಗಳನ್ನು ಬಿಡಿಸಿ ಹೇಳಿತು. ಮಗುವನ್ನು ಶಾಲೆಯಿಂದ ಹೊರಗೇ ಇಡುವುದು. ಬೇರೆ ಕಡೆ, ಬೇರೆಯಾಗಿ ಇಡುವುದು. ಇದ್ದ ಹಾಗೇ ಇರುವ ಶಾಲೆಗೆ ಸೇರಿಸಿ, ನೀನೇ ಹೊಂದಿಕೋ ಅನ್ನುವುದು. ನಾಲ್ಕನೆಯದು, ಪಾಠ ಹೇಳುವ ರೀತಿ, ಪರೀಕ್ಷೆ, ಕಟ್ಟಡ ಎಲ್ಲವನ್ನೂ ಮಗುವಿಗೆ ತಕ್ಕಂತೆ ಬದಲಿಸುವುದು. ನಾನು ಆ ಹುಡುಗನಿಗೆ ಮಾಡಿದ್ದು ಮೂರನೆಯದು. ಒಳ್ಳೆಯ ಮನಸ್ಸಿನಿಂದಲೇ ಮಾಡಿದೆ. ಒಳ್ಳೆಯ ಮನಸ್ಸೊಂದೇ ಸಾಕಾಗಲಿಲ್ಲ.

ಇಲ್ಲಿ ಒಂದು ಹಳೆಯ ಸಂಗತಿ ಹೇಳಲೇಬೇಕು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡ ಮಕ್ಕಳ ಶಿಕ್ಷಣದ ಬಗ್ಗೆ ದೊಡ್ಡ ಸಮ್ಮೇಳನ ನಡೆಯಿತು. ಬಂದಿದ್ದ ಪ್ರತಿನಿಧಿಗಳಲ್ಲಿ ಹೆಚ್ಚುಕಡಿಮೆ ಎಲ್ಲರೂ ಕಿವಿ ಕೇಳುವವರೇ. ಸಂಜ್ಞಾ ಭಾಷೆಗಿಂತ ಬಾಯಿಮಾತಿನಲ್ಲಿ ಕಲಿಸುವುದೇ ಮೇಲು ಎಂದು ಅವರು ನಿರ್ಣಯ ಮಾಡಿದರು. ಆಮೇಲೆ ಎಷ್ಟೋ ದೇಶಗಳ ಶಾಲೆಗಳಲ್ಲಿ ಸಂಜ್ಞಾ ಭಾಷೆ ನಿಂತುಹೋಯಿತು. ಕಿವುಡ ಶಿಕ್ಷಕರು ಕೆಲಸ ಕಳೆದುಕೊಂಡರು. ಕೈಯಲ್ಲಿ ಮಾತಾಡಿದ್ದಕ್ಕೆ ಮಕ್ಕಳಿಗೆ ಶಿಕ್ಷೆ ಆಯಿತು. ಅದೇ ಸಮ್ಮೇಳನದ ಪರಂಪರೆಯವರು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ, ಆ ನಿರ್ಣಯಗಳನ್ನು ತಳ್ಳಿಹಾಕಿ ವಿಷಾದ ವ್ಯಕ್ತಪಡಿಸಿದರು. ನಡುವೆ 130 ವರ್ಷ ಕಳೆದುಹೋಗಿತ್ತು. ಮಿಲಾನ್‌ನಲ್ಲಿ ಸೇರಿದವರು ಕಿವುಡ ಮಕ್ಕಳನ್ನು ಮಾತಾಡುವವರ ಲೋಕಕ್ಕೆ ಸೇರಿಸುತ್ತಿದ್ದೇವೆ ಅಂತಲೇ ನಂಬಿದ್ದರು. ಅದನ್ನು ನೆನೆದಾಗಲೆಲ್ಲ ನನಗೆ ಆ ಮೊದಲ ಬೆಂಚು ಕಣ್ಣಿಗೆ ಬರುತ್ತದೆ.

ಆದ್ದರಿಂದ ಎಲ್ಲರನ್ನೂ ಒಂದೇ ಸೂರಿನಡಿ ಕೂರಿಸಿಬಿಟ್ಟರೆ ಆಯಿತು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಸಂಜ್ಞಾ ಭಾಷೆ ಬಲ್ಲವರು ಒಬ್ಬರೂ ಇಲ್ಲದ ತರಗತಿಯಲ್ಲಿ, 40 ಮಕ್ಕಳ ನಡುವೆ ಒಂದು ಕಿವುಡ ಮಗು ಕೂತಿದ್ದರೆ, ಅಷ್ಟು ಒಂಟಿಯಾದ ಮಗು ಇನ್ನೊಂದಿಲ್ಲ. ಆ ಮಗುವಿಗೆ ತನ್ನ ಭಾಷೆಯಲ್ಲಿ ಪಾಠ ಬೇಕು, ತನ್ನ ಭಾಷೆ ಆಡುವ ಗೆಳೆಯರೂ ಬೇಕು.

ಆರೈಕೆಯ ವಿಷಯಕ್ಕೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಹತ್ತಿರದ ವಿಷಯ.

ನನ್ನ ಅಮ್ಮ ಗಾಲಿಕುರ್ಚಿ ಬಳಸಲು ಶುರು ಮಾಡಿದ ಮೇಲೆ ಒಂದು ಬದಲಾವಣೆ ಆಯಿತು. ಡಾಕ್ಟರು ಅವರನ್ನು ಬಿಟ್ಟು ನನ್ನ ಜೊತೆ ಮಾತಾಡತೊಡಗಿದರು. "ಇವರಿಗೆ ನಿದ್ದೆ ಬರುತ್ತಾ? ಊಟ ಸೇರುತ್ತಾ?" ಅಮ್ಮ ಅಲ್ಲೇ ಕೂತಿದ್ದಾರೆ. ಅವರಿಗೆ ನಡೆಯಲು ಆಗುತ್ತಿರಲಿಲ್ಲ ಅಷ್ಟೆ. ಬುದ್ಧಿ ಚುರುಕಾಗಿತ್ತು, ನೆನಪು ನನಗಿಂತ ಚೆನ್ನಾಗಿತ್ತು. ನಾನೂ ಉತ್ತರ ಕೊಡುತ್ತಾ ಹೋದೆ. ಬೇಗ ಮುಗಿಯುತ್ತಿತ್ತು ನೋಡಿ.

ಒಂದು ದಿನ ಒಬ್ಬರು ನರ್ಸ್ ಒಂದು ಸ್ಟೂಲ್ ಎಳೆದುಕೊಂಡು, ಅಮ್ಮನ ಕಣ್ಣಿಗೆ ಸಮನಾಗಿ ಕೂತರು. "ಅಮ್ಮಾ, ಮಾತ್ರೆ ಹೇಗೆ ತಗೋತಿದ್ದೀರಿ, ನೀವೇ ಹೇಳಿ" ಅಂದರು. ಆಮೇಲೆ ಸುಮ್ಮನೆ ಕಾದರು. ಅಮ್ಮ ನಿಧಾನಕ್ಕೆ ಹೇಳಿದರು: ರಾತ್ರಿ ಮಾತ್ರೆ ತೆಗೆದುಕೊಂಡರೆ ತಲೆ ಸುತ್ತುತ್ತದೆ. ಅದಕ್ಕೇ ಅರ್ಧ ಮುರಿದು ನುಂಗುತ್ತಿದ್ದೇನೆ, ಮಗನಿಗೆ ಹೇಳಿದರೆ ಗಾಬರಿಯಾಗುತ್ತಾನೆ.

ಅಷ್ಟು ದಿನ ನಾನು "ಮಾತ್ರೆ ಸರಿಯಾಗಿ ಕೊಡುತ್ತಿದ್ದೇವೆ" ಅಂತಲೇ ಹೇಳಿಕೊಂಡು ಬಂದಿದ್ದೆ. ಚಿಕಿತ್ಸೆಗೆ ಬೇಕಾದ ವಿಷಯ ಅಮ್ಮನ ಹತ್ತಿರ ಇತ್ತು. ಅವರನ್ನು ಕೇಳುವವರು ಇರಲಿಲ್ಲ. ಒಳಗೊಳ್ಳುವುದು ಅಂದರೆ ಮರ್ಯಾದೆಯ ವಿಷಯ ಅಂತ ಎಷ್ಟೋ ಜನ ತಿಳಿದಿದ್ದಾರೆ. ಮರ್ಯಾದೆ ಹೌದು. ಜೊತೆಗೆ ಅದು ಚಿಕಿತ್ಸೆಯ ಒಂದು ಭಾಗ. ಆ ನರ್ಸ್ ಕಾದದ್ದು ಒಂದು ನಿಮಿಷ ಇರಬಹುದು, ಅಷ್ಟೆ.

ಕೆಲಸದ ಜಾಗದಲ್ಲಿ ಮೊದಲು ಬರುವ ಮಾತು ಖರ್ಚು. ಖರ್ಚು ಇಲ್ಲ ಅಂತ ನಾನು ಹೇಳುವುದಿಲ್ಲ. ಲಿಫ್ಟ್ ಹಾಕಲು ದುಡ್ಡು ಬೇಕೇ ಬೇಕು. ಇಳಿಜಾರು ಕಟ್ಟಿದರೆ 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು. ಅಷ್ಟು ಜಾಗ ಬಿಡಲು ಮನಸ್ಸಿಲ್ಲದೆ ಕಡಿದಾಗಿ ಕಟ್ಟಿದರೆ ಗಾಲಿಕುರ್ಚಿ ಹತ್ತುವುದಿಲ್ಲ, ಫೋಟೋದಲ್ಲಿ ಮಾತ್ರ ಚೆನ್ನಾಗಿ ಕಾಣುತ್ತದೆ. ಆದರೆ ಎಲ್ಲ ಬದಲಾವಣೆಗೂ ದುಡ್ಡು ಬೇಕಾಗಿಲ್ಲ. ಮೀಟಿಂಗಿಗೆ ಒಂದು ದಿನ ಮೊದಲು ವಿಷಯಗಳನ್ನು ಬರೆದು ಕಳಿಸಿ. ತಕ್ಷಣ ಉತ್ತರ ಹೊಳೆಯದವರಿಗೆ, ಪರದೆಯ ಮೇಲಿನದನ್ನು ಓದಲಾಗದವರಿಗೆ ಅದರಿಂದ ಎಷ್ಟು ಅನುಕೂಲ ಗೊತ್ತಾ? ಗದ್ದಲ ತಡೆಯಲಾಗದವರಿಗೆ ಮೂಲೆಯ ಮೇಜು ಕೊಡಿ. ಮೂರ್ಛೆರೋಗದ ಮಾತ್ರೆಯಿಂದ ಬೆಳಗ್ಗೆ ಮಂಪರು ಇರುವವರಿಗೆ ಒಂದು ಗಂಟೆ ತಡವಾಗಿ ಶುರು ಮಾಡಲು ಬಿಡಿ.

ಹೀಗೆ ಮಾಡಿದ್ದು ಉಳಿದವರಿಗೂ ಒದಗುತ್ತದೆ. ವಿಡಿಯೋದ ಕೆಳಗೆ ಬರುವ ಅಕ್ಷರಗಳನ್ನು ಕಿವುಡರು ಹೋರಾಡಿ ಪಡೆದರು. ಇವತ್ತು ಮಗು ಮಲಗಿದ ಮನೆಯಲ್ಲಿ, ಗದ್ದಲದ ಬಸ್ಸಿನಲ್ಲಿ ಎಲ್ಲರೂ ಅವನ್ನೇ ಓದುತ್ತಾರೆ. ಹಾಗಂತ ಉಳಿದವರಿಗೆ ಲಾಭ ಇದ್ದರೆ ಮಾತ್ರ ಮಾಡಬೇಕು ಅಂತಲ್ಲ. ಒಬ್ಬರಿಗೇ ಬೇಕಾಗಿದ್ದರೂ ಮಾಡಬೇಕು. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಜಗತ್ತಿನ 6 ಜನರಲ್ಲಿ ಒಬ್ಬರಿಗೆ ಗಣನೀಯ ಅಂಗವೈಕಲ್ಯ ಇದೆ. ಅಂದರೆ ಸುಮಾರು 130 ಕೋಟಿ ಜನ. ಈ ಸಭೆಯಲ್ಲೂ ಇದ್ದೀರಿ. ಎಲ್ಲರ ತೊಂದರೆಯೂ ಹೊರಗೆ ಕಾಣುವುದಿಲ್ಲ, ಅಲ್ವಾ? ಹೇಳಿಕೊಂಡರೆ ಏನಂದುಕೊಳ್ಳುತ್ತಾರೋ ಅಂತ ಸುಮ್ಮನಿರುವವರೇ ಜಾಸ್ತಿ.

ನನ್ನ ಮಾತು ಇಲ್ಲಿಗೆ ನಿಲ್ಲಿಸುತ್ತೇನೆ. ಈಗ ನೀವು ಮಾತಾಡಿ. ಒಂದೇ ಒಂದು ವಿನಂತಿ. ನನ್ನ ದನಿ ಜೋರಿದೆ, ಮೈಕ್ ಬೇಡ ಅನ್ನಬೇಡಿ. ಇಲ್ಲಿ ಕಿವಿಗೆ ಮೆಷಿನ್ ಹಾಕಿಕೊಂಡವರಿಗೆ ಮೈಕಿನಿಂದ ಬಂದ ಮಾತು ಸ್ಪಷ್ಟವಾಗಿ ಕೇಳುತ್ತದೆ. ಮೈಕ್ ಹಿಂದಿನ ಸಾಲಿಗೂ ಬರುತ್ತದೆ. ಅದು ಕೈಗೆ ಬರುವವರೆಗೆ ನಾವೆಲ್ಲ ಕಾಯುತ್ತೇವೆ.