ಬ್ಲೈತ್‌ಬರ್ಗ್ ಚರ್ಚಿನ ದೇವದೂತರಿಗೆ ಗುಂಡು ಹೊಡೆದವರು ಯಾರು?

ಮೊದಲು ಕತ್ತೆತ್ತಿ ಮೇಲೆ ನೋಡಿ. ನಾನೂ ಬಾಗಿಲು ದಾಟಿದ ಕೂಡಲೇ ಅದನ್ನೇ ಮಾಡಿದೆ, ಕುತ್ತಿಗೆ ನೋಯುವವರೆಗೆ. ಚಾವಣಿಯ ನಟ್ಟನಡುವೆ, ಉದ್ದಕ್ಕೂ, ಮರದಲ್ಲಿ ಕೆತ್ತಿದ ದೇವದೂತರು ರೆಕ್ಕೆ ಬಿಚ್ಚಿಕೊಂಡಿದ್ದಾರೆ. ಜೋಡಿ ಜೋಡಿಯಾಗಿ, ಬೆನ್ನಿಗೆ ಬೆನ್ನು ಕೊಟ್ಟು. ಒಬ್ಬ ಪೂರ್ವಕ್ಕೆ ನೋಡಿದರೆ ಇನ್ನೊಬ್ಬ ಪಶ್ಚಿಮಕ್ಕೆ. ತೊಲೆಗಳ ಮೇಲೆ ಮಾಸಿದ ಬಣ್ಣ ಕಾಣುತ್ತಾ? ಅದು ಚಾವಣಿ ಕಟ್ಟಿದ ಕಾಲದಲ್ಲೇ ಬಳಿದದ್ದು. ಈಗ ಜೂಮ್ ಮಾಡುತ್ತೇನೆ. ಈ ದೇವದೂತರ ಮೈಯಲ್ಲಿ ಸೀಸದ ಚರೆ ಸಿಕ್ಕಿದೆ. ಹೌದು, ಕೋವಿಯ ಚರೆ. ಹೊಡೆದದ್ದು ಯಾರು ಅನ್ನೋದೇ ಇವತ್ತಿನ ಕಥೆ.

ಊರಿನ ಹೆಸರು ಬ್ಲೈತ್‌ಬರ್ಗ್ ಅಂತ ಬರೆಯುತ್ತಾರೆ. ಇಲ್ಲಿಯವರ ಬಾಯಲ್ಲಿ ಅದು ಬ್ಲೈಬರ. ಇಂಗ್ಲೆಂಡಿನ ಪೂರ್ವ ಕರಾವಳಿಯ ಸಫೋಕ್‌ನಲ್ಲಿದೆ. ಒಂದು ಪಬ್, ಒಂದಷ್ಟು ಮನೆ, ಪಕ್ಕದಲ್ಲೇ ಎ12 ಹೆದ್ದಾರಿ, ಆಚೆ ಬ್ಲೈತ್ ನದಿಯ ಅಳಿವೆ, ಕೆಸರು, ಜೊಂಡು. ಇಷ್ಟೇ ಊರು. ಆದರೆ ಚರ್ಚು ನೋಡಿದರೆ ಯಾವುದೋ ದೊಡ್ಡ ಪಟ್ಟಣದ್ದನ್ನು ತಂದು ಇಲ್ಲಿ ಇಟ್ಟುಬಿಟ್ಟ ಹಾಗಿದೆ.

ಹಿಂದೆ ಇದು ಬಂದರು. ಮೀನು, ಉಣ್ಣೆ, ವ್ಯಾಪಾರ ಎಲ್ಲ ಇತ್ತು. ಪಕ್ಕದಲ್ಲೇ ಅಗಸ್ಟೀನಿಯನ್ ಅನ್ನುವ ಕ್ರೈಸ್ತ ಸನ್ಯಾಸಿ ಪಂಗಡದ ಮಠವೂ ಇತ್ತು. 1412ರಲ್ಲಿ ರಾಜ ನಾಲ್ಕನೇ ಹೆನ್ರಿ ಚರ್ಚನ್ನು ಹೊಸದಾಗಿ ಕಟ್ಟಲು ಆ ಮಠಕ್ಕೆ ಅನುಮತಿ ಕೊಟ್ಟ. ಗೋಪುರ ಮಾತ್ರ ಅದಕ್ಕಿಂತ ಹಳೆಯದು. ಹೊರಗಿನ ಗೋಡೆ ಹತ್ತಿರದಿಂದ ತೋರಿಸುತ್ತೇನೆ. ಇದು ಚಕಮಕಿ ಕಲ್ಲು. ಈ ಭಾಗದಲ್ಲಿ ಕಟ್ಟಡಕ್ಕೆ ಒಳ್ಳೆ ಕಲ್ಲು ಸಿಗುವುದಿಲ್ಲ. ಹೊಲದಲ್ಲಿ, ಕಡಲ ದಂಡೆಯಲ್ಲಿ ಸಿಗುವುದು ಇದೇ. ಒಡೆದರೆ ಒಳಗೆ ಕಪ್ಪಗೆ ಗಾಜಿನ ಹಾಗೆ ಮಿಂಚುತ್ತದೆ. ಆ ಕಪ್ಪು ಮುಖವನ್ನೇ ಹೊರಗೆ ಮಾಡಿ, ಬಿಳಿ ಕಲ್ಲಿನ ನಡುವೆ ಕೂರಿಸಿ ಚಿತ್ತಾರ ಮಾಡಿದ್ದಾರೆ. ಬಡವರ ಕಲ್ಲಲ್ಲಿ ಶ್ರೀಮಂತರ ಕೆಲಸ! ಮೇಲಿನ ಸಾಲಿನಲ್ಲಿ ಒಂದೊಂದು ಬದಿಗೂ 18 ಕಿಟಕಿ. ಒಳಗೆ ಇಷ್ಟೊಂದು ಬೆಳಕು ಬರುವುದು ಅದಕ್ಕೇ.

ಸರಿ, ಈಗ ಉತ್ತರದ ಬಾಗಿಲಿಗೆ ಬನ್ನಿ. 1577ರ ಆಗಸ್ಟ್ 4, ಭಾನುವಾರ ಬೆಳಗ್ಗೆ. ಜನ ಪ್ರಾರ್ಥನೆಗೆ ಕೂತಿದ್ದಾಗ ಭಾರೀ ಗುಡುಗು ಸಿಡಿಲು. ಗೋಪುರದ ಮೇಲಿನ ಚೂಪು ತುದಿ ಮುರಿದು ಚಾವಣಿ ಸೀಳಿಕೊಂಡು ಒಳಗೆ ಬಿತ್ತು. ಒಬ್ಬ ಗಂಡಸು, ಒಬ್ಬ ಹುಡುಗ ಸತ್ತರು. ಅವತ್ತೇ ಹತ್ತಿರದ ಬಂಗೇ ಊರಿನ ಚರ್ಚಿನಲ್ಲೂ ಇದೇ ಅನಾಹುತ. ಏಬ್ರಹಾಂ ಫ್ಲೆಮಿಂಗ್ ಅನ್ನುವವರು ಇದರ ಬಗ್ಗೆ ಒಂದು ಸಣ್ಣ ಪುಸ್ತಕವನ್ನೇ ಅಚ್ಚು ಹಾಕಿಸಿದರು. ಅದರಲ್ಲಿ ಬಂದದ್ದು ಬರೀ ಸಿಡಿಲಲ್ಲ, ದೆವ್ವದಂಥ ಕಪ್ಪು ನಾಯಿ! ಬಾಗಿಲ ಮೇಲಿನ ಈ ಕರಿ ಗುರುತು ಆ ನಾಯಿಯ ಉಗುರಿನದು ಅನ್ನುತ್ತಾರೆ. ನಾನು ಬೆರಳಿಟ್ಟು ನೋಡಿದೆ. ಮರ ಸುಟ್ಟು ಸ್ವಲ್ಪ ಒಳಕ್ಕೆ ಹೋಗಿದೆ, ಅಷ್ಟೇ. ಹಳೇ ಕಟ್ಟಡಗಳಲ್ಲಿ ಇಂಥ ಗುರುತು ಬೇಕಾದಷ್ಟು ಕಡೆ ಇವೆ. ಕೆಟ್ಟದ್ದು ತಟ್ಟದಿರಲಿ ಅಂತ ಜನರೇ ಮೇಣದಬತ್ತಿ ಹಿಡಿದು ಸುಡುತ್ತಿದ್ದರು ಅಂತ ಕೆಲವು ತಿಳಿದವರ ಮಾತು. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೆ ಟೂರಿಸ್ಟ್‌ಗಳಿಗೆ ನಾಯಿಯೇ ಬೇಕು, ಅಲ್ವಾ?

ಈಗ ನಮ್ಮ ಗುಂಡಿನ ಕೇಸು. ಇಲ್ಲಿ ಯಾರನ್ನು ಕೇಳಿದರೂ ಒಂದೇ ಹೆಸರು, ವಿಲಿಯಂ ಡೌಸಿಂಗ್. 17ನೇ ಶತಮಾನದಲ್ಲಿ ರಾಜನಿಗೂ ಪಾರ್ಲಿಮೆಂಟಿಗೂ ನಡೆದ ಅಂತರ್ಯುದ್ಧದ ಕಾಲದಲ್ಲಿ, ಮೂರ್ತಿಪೂಜೆ ತಪ್ಪು ಅಂತ ಚರ್ಚುಗಳಿಂದ ಮೂರ್ತಿ, ಚಿತ್ರ ಎಲ್ಲ ಕಿತ್ತುಹಾಕಿಸಲು ಪಾರ್ಲಿಮೆಂಟ್ ಪಕ್ಷದವರು ನೇಮಿಸಿದ ಮನುಷ್ಯ. 1644ರ ಏಪ್ರಿಲ್‌ನಲ್ಲಿ ಇಲ್ಲಿಗೆ ಬಂದ. ಅವನು ಬರೆದಿಟ್ಟ ದಿನಚರಿ ಉಳಿದಿದೆ. 20 ದೇವದೂತರನ್ನು ಇಳಿಸಬೇಕು, 200ಕ್ಕೂ ಜಾಸ್ತಿ ಚಿತ್ರಗಳನ್ನು 8 ದಿನದೊಳಗೆ ತೆಗೀಬೇಕು ಅಂತ ಹುಕುಂ ಕೊಟ್ಟು ಮುಂದಿನ ಊರಿಗೆ ಹೋದ. ಗುಂಡು ಹಾರಿಸಿದ ಸುದ್ದಿ ಅದರಲ್ಲಿ ಎಲ್ಲೂ ಇಲ್ಲ. ಹುಕುಂ ಏನಾಯಿತು? ಮೇಲೆ ನೋಡಿ, ಅಲ್ಲೇ ಇದ್ದಾರೆ! ಅಷ್ಟೆತ್ತರಕ್ಕೆ ಏಣಿ ಹಾಕಿ ಹತ್ತೋರು ಯಾರು ಅಂತ ಊರಿನವರು ಸುಮ್ನೆ ಕೂತಿರಬೇಕು. ಇದು ನನ್ನ ಊಹೆ.

ಹಾಗಾದರೆ ಚರೆ? ಅದನ್ನು ತೆಗೆದು ನೋಡಿದಾಗ ಡೌಸಿಂಗ್ ಕಾಲದ್ದಲ್ಲ, 18ನೇ ಶತಮಾನದ್ದು ಅಂತ ಗೊತ್ತಾಯಿತು. ಚರ್ಚಿನ ಹಳೇ ಲೆಕ್ಕದ ಪುಸ್ತಕದಲ್ಲೂ ಖರ್ಚು ಬರೆದಿದೆ, ಜಾಕ್‌ಡಾ ಹಕ್ಕಿ ಹೊಡೆಯಲು ಮದ್ದು, ಚರೆ ಅಂತ. ಜಾಕ್‌ಡಾ ಅಂದರೆ ಕಾಗೆ ಜಾತಿಯ ಸಣ್ಣ ಹಕ್ಕಿ. ಚಾವಣಿಯಲ್ಲಿ ಗೂಡು ಕಟ್ಟಿ ಕೆಳಗೆ ಗಲೀಜು ಮಾಡುತ್ತಿದ್ದವು. ಗುರಿ ತಪ್ಪಿದ ಏಟು ದೇವದೂತರಿಗೆ ಬಿತ್ತು. ಸೇನೆಯೂ ಇಲ್ಲ, ಧರ್ಮಯುದ್ಧವೂ ಇಲ್ಲ, ಹಕ್ಕಿ ಕಾಟ!

ಅಷ್ಟು ಹೊತ್ತಿಗೆ ಊರು ಬಡವಾಗಿತ್ತು. ಮಠ 16ನೇ ಶತಮಾನದಲ್ಲೇ ಮುಚ್ಚಿತ್ತು, ನದಿಯಲ್ಲಿ ಹೂಳು ತುಂಬಿ ಹಡಗು ಬರುವುದು ನಿಂತಿತ್ತು. ಚರ್ಚು ಸೋರುತ್ತಿತ್ತು, ಜನ ಒಳಗೇ ಕೊಡೆ ಹಿಡಿದು ಕೂರುತ್ತಿದ್ದರಂತೆ. 1881ರಲ್ಲಿ ಅಪಾಯ ಅಂತ ಬಾಗಿಲು ಹಾಕಬೇಕಾಯಿತು. ರಿಪೇರಿ ಹೆಸರಲ್ಲಿ ಹಳೆಯದನ್ನೆಲ್ಲ ಹೊಸದು ಮಾಡಿಬಿಡಬೇಡಿ ಅಂತ ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಹಳೇ ಕಟ್ಟಡ ಉಳಿಸಲು ಕಟ್ಟಿದ ಸಂಘದವರು ಜಗಳಕ್ಕೇ ನಿಂತರು. ಊರಿನವರ ಕೈಯಲ್ಲಿ ದುಡ್ಡಿದ್ದಿದ್ದರೆ ಈ ಚಾವಣಿ ಯಾವತ್ತೋ ಹೋಗಿರುತ್ತಿತ್ತು ಅನ್ನಿಸುತ್ತದೆ ನನಗೆ.

ಕುತ್ತಿಗೆಗೆ ಸ್ವಲ್ಪ ರೆಸ್ಟ್ ಕೊಡೋಣ, ಕೆಳಗೆ ಬನ್ನಿ. ಬೆಂಚುಗಳ ತುದಿಯಲ್ಲಿ ಗೇಣುದ್ದದ ಮರದ ಗೊಂಬೆಗಳಿವೆ. ಅವುಗಳಲ್ಲಿ ಕೆಲವು ಒಂದೊಂದು ಪಾಪವನ್ನು ತೋರಿಸುತ್ತವೆ. ಇವನು ಹೊಟ್ಟೆಬಾಕ, ತನ್ನ ಡೊಳ್ಳನ್ನು ತಾನೇ ಅಪ್ಪಿಕೊಂಡಿದ್ದಾನೆ. ಇವನು ಜಿಪುಣ, ಹಣದ ಪೆಟ್ಟಿಗೆ ಬಿಟ್ಟು ಏಳುವುದಿಲ್ಲ. ಚಾಡಿಕೋರ ನಾಲಿಗೆ ಚಾಚಿದ್ದಾನೆ. ಇಗೋ ಸೋಮಾರಿ, ಹಾಸಿಗೆಯಲ್ಲಿ ಎದ್ದು ಕೂತಿದ್ದಾನೆ, ಇಳಿಯುವ ಮನಸ್ಸಿಲ್ಲ. ತಲೆ ಸವೆದು ನುಣ್ಣಗಾಗಿದೆ. ಎಷ್ಟು ಜನ ಇದನ್ನು ಹಿಡಿದು ಎದ್ದಿದ್ದಾರೋ.

ಬಸ್ಸಿಗೆ ಇನ್ನೂ ಟೈಮಿದೆ. ನಾನು ಇವನ ಪಕ್ಕವೇ ಕೂರುತ್ತೇನೆ.